ಊರಾಚೆಯ ಆ ಗುಡ್ಡದ ಹೆಸರೇನು? ಪತ್ತೆ ಹಚ್ಚೋಕೆ ಒಂದು ಮಾರ್ಗದರ್ಶಿ

ಮೊಬೈಲ್ ಮ್ಯಾಪ್‌ನಲ್ಲಿ ಎಷ್ಟು ಜೂಮ್ ಮಾಡಿದ್ರೂ ಕೆಲವು ಗುಡ್ಡಗಳಿಗೆ ಹೆಸರೇ ಬರಲ್ಲ, ಬರೀ ಹಸಿರು ಬಣ್ಣ, ಇಲ್ಲಾಂದ್ರೆ ವೀಕೆಂಡ್‌ಗೆ ಬಂದ ಯಾರೋ ಹುಡುಗ್ರು 'ಸನ್‌ರೈಸ್ ಪಾಯಿಂಟ್' ಅಂತ ಒಂದು ಪಿನ್ ಚುಚ್ಚಿ ಹೋಗಿರ್ತಾರೆ. ಊರಲ್ಲಿ ಕೇಳಿದ್ರೆ 'ಅದಾ, ಗುಡ್ಡ' ಅಂತಾರೆ. ಅದರ ಹೆಸರು ಅಂದ್ರೆ 'ಗುಡ್ಡಕ್ಕೆ ಎಂತಾ ಹೆಸ್ರು' ಅಂತ ನಮ್ಮನ್ನೇ ತಿರುಗಿ ಕೇಳ್ತಾರೆ. ಆದ್ರೆ ನೂರಾರು ವರ್ಷ ದನ ಮೇಯಿಸಿ, ಸೌದೆ ತಂದು, ಗಡಿ ಜಗಳ ಆಡಿರೋ ಗುಡ್ಡಕ್ಕೆ ಹೆಸರಿಲ್ಲದೆ ಇರೋದು ಕಷ್ಟ. ಯಾವುದೋ ಹಳೇ ಕ್ರಯಪತ್ರದಲ್ಲೋ, ಟೋಪೋಶೀಟಿನ (ನೆಲದ ಏರುತಗ್ಗು ತೋರಿಸೋ ಸರ್ವೆ ನಕ್ಷೆ) ಮೂಲೆಯಲ್ಲೋ, ಕುರಿ ಕಾಯ್ತಿದ್ದ ತಾತನ ಬಾಯಲ್ಲೋ ಸಿಕ್ಕೇ ಸಿಗತ್ತೆ.

ಶುರು ಮಾಡೋ ಮುಂಚೆ ಒಂದು ವಿಷಯ ಒಪ್ಕೊಂಡ್ಬಿಡಿ. ಒಂದು ಬೆಟ್ಟಕ್ಕೆ ಒಂದೇ ಹೆಸರು ಅಂತ ಇರಲ್ಲ. ತುಮಕೂರಿನ ದೇವರಾಯನದುರ್ಗನೇ ತಗೊಳ್ಳಿ, ಮೊದಲು ಅದು ಆನೆಬಿದ್ದಸರಿ, ಆಮೇಲೆ ಜಡಕ ಅನ್ನೋ ಪಾಳೇಗಾರನಿಂದ ಜಡಕನದುರ್ಗ, ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ, ಇನ್ನು ದೇವಸ್ಥಾನದ ಸ್ಥಳಪುರಾಣದಲ್ಲಿ ಕರಿಗಿರಿ. ಚಿಕ್ಕಬಳ್ಳಾಪುರದ ಹತ್ರ ಕಳವಾರ ಅನ್ನೋ ಊರಿನ ಬೆಟ್ಟ ಕಳವಾರದುರ್ಗ, ಅದನ್ನೇ ಈಗ ಎಲ್ರೂ ಸ್ಕಂದಗಿರಿ ಅಂತಾರೆ. ಬೆಂಗಳೂರಿನ ಟ್ರೆಕ್ಕಿಂಗ್ ಗ್ರೂಪ್‌ಗಳು 'ಎಸ್‌ಆರ್‌ಎಸ್ ಹಿಲ್ಸ್' ಅನ್ನೋದು ರಾಮನಗರದ ಶ್ರೀ ರೇವಣಸಿದ್ದೇಶ್ವರ ಬೆಟ್ಟನ, ಇನ್ನೊಂದು ಇಪ್ಪತ್ತು ವರ್ಷ ಹೋದ್ರೆ ಎಸ್‌ಆರ್‌ಎಸ್ ಅಂದ್ರೆ ಏನು ಅಂತ ಹುಡುಕೋಕೆ ಇಂಥದ್ದೇ ಇನ್ನೊಂದು ಲೇಖನ ಬೇಕಾಗತ್ತೆ. ಹಾಗಾಗಿ ಹೆಸರಿನ ಹಿಂದೆ ಮೊದಲೇ ಓಡಬೇಡಿ. ಮೊದಲು ಜಾಗ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ಆ ಜಾಗಕ್ಕೆ ಯಾರ್ಯಾರು ಏನೇನು ಕರೀತಾರೆ ಅಂತ ಒಂದೊಂದಾಗಿ ತಂದು ಜೋಡಿಸಿ. ಉಲ್ಟಾ ಮಾಡಿದ್ರೆ ಹೆಸರು ಒಂದು ಗುಡ್ಡದ್ದು, ಫೋಟೋ ಇನ್ನೊಂದು ಗುಡ್ಡದ್ದು ಆಗತ್ತೆ, ಇಂಟರ್ನೆಟ್ ತುಂಬಾ ಅಂಥವೇ ಇರೋದು.

1. ಜಾಗ ಗಟ್ಟಿ ಮಾಡೋದು

ಗುಡ್ಡ ಕಣ್ಣಿಗೆ ಕಾಣ್ತಿದ್ರೆ ಸುಲಭ. ಎರಡು ಬೇರೆ ಬೇರೆ ಜಾಗದಲ್ಲಿ ನಿಂತ್ಕೊಳ್ಳಿ, ಕೆರೆ ಏರಿ ಮೇಲೆ ಒಂದ್ಸಲ, ಶಾಲೆ ಹತ್ರ ಒಂದ್ಸಲ. ಎರಡೂ ಕಡೆಯಿಂದ ಫೋನಿನ ಕಂಪಾಸ್‌ನಲ್ಲಿ ಗುಡ್ಡದ ತುದಿ ಎಷ್ಟು ಡಿಗ್ರಿಗೆ ಇದೆ ನೋಡಿ ಬರ್ಕೊಳ್ಳಿ, ಮ್ಯಾಪ್ ಮೇಲೆ ಆ ಎರಡು ಜಾಗದಿಂದ ಗೆರೆ ಎಳೆದ್ರೆ ಎಲ್ಲಿ ಸೇರತ್ತೋ ಅದೇ ತುದಿ. ಎರಡು ಗೆರೆ ಮಧ್ಯೆ ಕೋನ ಚೆನ್ನಾಗಿ ಅಗಲ ಇರ್ಲಿ, ಅಕ್ಕಪಕ್ಕದಲ್ಲೇ ನಿಂತು ನೋಡಿದ್ರೆ ತುದಿ ಒಂದು ಕಿಲೋಮೀಟರ್ ಆಚೀಚೆ ಹೋಗತ್ತೆ. ಬೈಕ್ ಪಕ್ಕ, ಕರೆಂಟ್ ಲೈನ್ ಕೆಳಗೆ ನಿಂತು ಕಂಪಾಸ್ ನೋಡ್ಬೇಡಿ, ಮುಳ್ಳು ಸುಳ್ಳು ಹೇಳತ್ತೆ. ನಮ್ಮ ಕಡೆ ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಬಹಳ ಕಮ್ಮಿ, ಅದರ ತಲೆನೋವು ಬೇಡ.

ಕೈಯಲ್ಲಿ ಇರೋದು ಹಳೇ ಫೋಟೋ ಮಾತ್ರ ಅಂದ್ರೆ, ಅಥವಾ ಚಿಕ್ಕವರಿದ್ದಾಗ ರೈಲಿಂದ ನೋಡಿದ್ದ ಬೆಟ್ಟ ಅಂದ್ರೆ, ಗೂಗಲ್ ಅರ್ಥ್‌ನಲ್ಲಿ ನೆಲದ ಮಟ್ಟಕ್ಕೆ ಇಳಿದು ಆ ದಾರಿಯುದ್ದಕ್ಕೂ ನಿಧಾನವಾಗಿ ಸಾಗಿ. ಬೆಟ್ಟದ ಅಂಚಿನ ಗೆರೆ ಇದ್ಯಲ್ಲ, ಆಕಾಶಕ್ಕೆ ಎದುರಾಗಿ ಕಾಣೋ ಆ ಏರಿಳಿತ, ಅದನ್ನ ಹೋಲಿಸಿ. ಗಿಡಮರ, ಮನೆ ಎಲ್ಲ ಬದಲಾಗಿರತ್ತೆ, ಆ ಗೆರೆ ಬದಲಾಗಲ್ಲ. ಸಾವನದುರ್ಗದ ಕರಿಗುಡ್ಡ ಬಿಳಿಗುಡ್ಡದ ಥರ ಜೋಡಿ ಬಂಡೆ ಇದ್ರೆ ಕೆಲಸ ಬೇಗ ಆಗತ್ತೆ, ಯಾವುದು ಎಡಕ್ಕೆ ಯಾವುದು ಬಲಕ್ಕೆ ಅನ್ನೋದ್ರಲ್ಲೇ ನೋಡೋರು ಯಾವ ದಿಕ್ಕಲ್ಲಿ ನಿಂತಿದ್ರು ಅಂತ ಗೊತ್ತಾಗತ್ತೆ.

ತುದಿ ಸಿಕ್ಕಿದ ಮೇಲೆ ಅಕ್ಷಾಂಶ ರೇಖಾಂಶ ಬರೆದಿಟ್ಕೊಳ್ಳಿ. ಇನ್ಮುಂದೆ ಏನೇ ಹೆಸರು ಬಂದ್ರೂ ಈ ನಂಬರಿಗೇ ಕಟ್ಟೋದು.

2. ಟೋಪೋಶೀಟ್ ತೆಗೆಯೋದು

ಸರ್ವೆ ಆಫ್ ಇಂಡಿಯಾದ 1:50,000 ಶೀಟುಗಳು ಅವರ ಆನ್‌ಲೈನ್ ಪೋರ್ಟಲ್‌ನಲ್ಲೇ ರಿಜಿಸ್ಟರ್ ಮಾಡ್ಕೊಂಡ್ರೆ ಪಿಡಿಎಫ್ ಸಿಗತ್ತೆ. ಯಾವ ಶೀಟು ಬೇಕು ಅನ್ನೋದ್ರಲ್ಲೇ ಜನ ಸುಸ್ತಾಗಿ ಕೈಬಿಡ್ತಾರೆ, ಅದಕ್ಕೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಹಳೇ ನಂಬರಿಂಗ್ ಪ್ರಕಾರ 76ರಿಂದ 80 ಡಿಗ್ರಿ ಪೂರ್ವ, 12ರಿಂದ 16 ಡಿಗ್ರಿ ಉತ್ತರದ ಚೌಕ 57ನೇ ಶೀಟು. ಹಳೇ ಮೈಸೂರಿನ ಬಹುಪಾಲು ಇದರಲ್ಲೇ ಬರತ್ತೆ. 76 ಡಿಗ್ರಿಗಿಂತ ಪಶ್ಚಿಮಕ್ಕೆ ಹೋದ್ರೆ, ಅಂದ್ರೆ ಕರಾವಳಿ, ಮಲೆನಾಡಿನ ಬಹಳಷ್ಟು ಭಾಗ, 48. ಕಲಬುರಗಿ ಕಡೆ 56, ಚಾಮರಾಜನಗರದ ತೆಂಕಣ ಭಾಗ 58. ಈ 57ನ್ನ ಒಂದೊಂದು ಡಿಗ್ರಿಯ ಹದಿನಾರು ತುಂಡು ಮಾಡಿ ಎ ಯಿಂದ ಪಿ ವರೆಗೆ ಅಕ್ಷರ ಕೊಟ್ಟಿದಾರೆ, ಎಡಗಡೆ ಮೇಲಿಂದ ಕೆಳಗೆ ಇಳೀಬೇಕು, ಆಮೇಲೆ ಪಕ್ಕದ ಸಾಲಿಗೆ ಹೋಗಿ ಮತ್ತೆ ಮೇಲಿಂದ ಕೆಳಗೆ. ಪ್ರತಿ ಅಕ್ಷರದ ಒಳಗೆ ಮತ್ತೆ ಹದಿನೈದು ಹದಿನೈದು ಮಿನಿಟಿನ ಹದಿನಾರು ತುಂಡು, ಅದೇ ಕ್ರಮ. ನಂದಿ ಬೆಟ್ಟ 13 ಡಿಗ್ರಿ 22 ಮಿನಿಟ್ ಉತ್ತರ, 77 ಡಿಗ್ರಿ 41 ಮಿನಿಟ್ ಪೂರ್ವ. 77-78 ಎರಡನೇ ಸಾಲು, 13-14 ಅದರಲ್ಲಿ ಮೂರನೇದು, ಹಾಗಾಗಿ ಜಿ. ಒಳಗೆ 77 ಡಿಗ್ರಿ 30ರಿಂದ 45 ಮಿನಿಟ್ ಮೂರನೇ ಸಾಲು, 9ರಿಂದ ಶುರು, ಮೇಲಿಂದ ಎಣಿಸಿದ್ರೆ 13 ಡಿಗ್ರಿ 15ರಿಂದ 30 ಮಿನಿಟ್ ಅಂದ್ರೆ 11. ಸೋ 57 ಜಿ/11. ನಿಮ್ಮ ಗುಡ್ಡಕ್ಕೂ ಒಂದ್ಸಲ ಹೀಗೆ ಲೆಕ್ಕ ಹಾಕಿ, ಆಮೇಲೆ ಅಭ್ಯಾಸ ಆಗೋಗತ್ತೆ. ಹೊಸ ಓಪನ್ ಸೀರೀಸ್ ಶೀಟುಗಳಿಗೆ ನಂಬರ್ ಬೇರೆ ಥರ ಇರತ್ತೆ, ಗಾಬರಿ ಆಗ್ಬೇಡಿ.

ಶೀಟಲ್ಲಿ ನೋಡ್ಬೇಕಾದ್ದು ಏನಂದ್ರೆ ಕಂದು ಬಣ್ಣದ ಕಾಂಟೂರ್ ಗೆರೆ, ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಗೆರೆಗಳು ಉಂಗುರದ ಥರ ಒಳಗೊಳಗೆ ಮುಚ್ಕೊಂಡಿದ್ರೆ ಗುಡ್ಡ. 20 ಮೀಟರಿಗಿಂತ ಚಿಕ್ಕ ದಿಬ್ಬ ಗೆರೆ ಮಧ್ಯೆನೇ ಕಳೆದುಹೋಗಬಹುದು. ತುದಿ ಮೇಲೆ ಪುಟ್ಟ ತ್ರಿಕೋನ ಇದ್ರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತ, ಅದು ತ್ರಿಕೋನಮಿತಿ ಸರ್ವೆಯ ಗುರುತು. ಲ್ಯಾಂಬ್ಟನ್ ಅನ್ನೋ ಬ್ರಿಟಿಷ್ ಸರ್ವೆ ಸಾಹೇಬ 1800ರಲ್ಲಿ ಬೆಂಗಳೂರಿನ ಹತ್ರ ನೆಲದ ಮೇಲೆ ಗೆರೆ ಅಳೆದು ಶುರು ಮಾಡಿದ ಕೆಲಸ 1802ರಲ್ಲಿ ಮದರಾಸಿನಿಂದ ದೊಡ್ಡದಾಗಿ ಬೆಳೀತು, ಒಂದು ಬೆಟ್ಟದ ತುದಿಯಿಂದ ಇನ್ನೊಂದರ ತುದಿ ನೋಡಿ ಅಳೆಯೋ ಪದ್ಧತಿ ಆದ್ರಿಂದ ಯಾವ ಬೆಟ್ಟ ಚೆನ್ನಾಗಿ ಕಾಣತ್ತೋ ಅದಕ್ಕೆಲ್ಲ ಹೆಸರು ಕೇಳಿ ಬರ್ಕೊಂಡ್ರು. ಆ ಸರ್ವೆಯ ಹಳೇ ಸಂಪುಟಗಳಲ್ಲಿ ಮುಖ್ಯ ಸ್ಟೇಷನ್ ಬೆಟ್ಟ ಎಲ್ಲಿದೆ, ಯಾವ ಊರಿಗೆ ಹತ್ರ ಅಂತ ವಿವರಣೆ ಸಮೇತ ಇದೆ.

ಒಂದು ಎಚ್ಚರಿಕೆ. ಹಳೇ ಒಂದಿಂಚಿಗೆ ಒಂದು ಮೈಲಿ ಶೀಟುಗಳು ಎವರೆಸ್ಟ್ ಅನ್ನೋ ಅಳತೆ (ಭೂಮಿಯ ಆಕಾರದ ಹಳೇ ಲೆಕ್ಕ) ಮೇಲೆ ಆಗಿರೋದು, ನಮ್ಮ ಫೋನಿನ ಜಿಪಿಎಸ್ ಅಳತೆ ಬೇರೆ. ಎರಡನ್ನೂ ಹಾಗೇ ಹಾಗೇ ಒಂದರ ಮೇಲೊಂದು ಇಟ್ರೆ ಗುಡ್ಡ ಪಕ್ಕದ ಕೆರೆ ಒಳಗೆ ಹೋಗಿ ಕೂತಿರತ್ತೆ. ಕೆರೆ ಏರಿ, ರಸ್ತೆ ಕೂಡು ಇಂಥ ಗುರುತು ಹಿಡ್ಕೊಂಡು ಸರಿ ಹೊಂದಿಸ್ಕೊಳ್ಳಿ.

ಶೀಟಲ್ಲಿ ಬರೆದಿರೋ ಹೆಸರು ಇಂಗ್ಲಿಷ್ ಅಕ್ಷರದಲ್ಲಿರತ್ತೆ, ಅದನ್ನ ಹಾಗೇ ಓದಬೇಡಿ. ಲ ನೋ ಳ ನೋ, ನ ನೋ ಣ ನೋ, ದೀರ್ಘನೋ ಹ್ರಸ್ವನೋ ಒಂದೂ ಗೊತ್ತಾಗಲ್ಲ. ಹಳೇ ದಾಖಲೆ ಆದ್ರೆ ಇನ್ನೂ ಮಜಾ, ನಂದಿದುರ್ಗ 'ನಂದಿಡ್ರೂಗ್', ಚಿತ್ರದುರ್ಗ 'ಚಿಟಲ್‌ಡ್ರೂಗ್', ಸಾವನದುರ್ಗ 'ಸೆವರ್ನ್‌ಡ್ರೂಗ್', ಹುತ್ರಿದುರ್ಗ 'ಊಟ್ರಾಡ್ರೂಗ್'. ಡ್ರೂಗ್ ಕಂಡ್ರೆ ದುರ್ಗ, ಘೆರ್ರಿ ಕಂಡ್ರೆ ಗಿರಿ ಅಂತ ತಿರುಗಿಸ್ಕೊಳ್ಳಿ. ಉಳಿದ ಅಕ್ಷರಗಳನ್ನ ಊರಿನವರ ಬಾಯಲ್ಲೇ ಕೇಳಿ ಸರಿ ಮಾಡ್ಕೋಬೇಕು, ಬೇರೆ ದಾರಿ ಇಲ್ಲ.

3. ಗ್ರಾಮ ನಕಾಶೆ, ಪಹಣಿ, ಚಕ್ಕುಬಂದಿ

ನನ್ನ ಕೇಳಿದ್ರೆ ಇಡೀ ಹುಡುಕಾಟದಲ್ಲಿ ಜಾಸ್ತಿ ಫಲ ಕೊಡೋದು ಇದೇ, ಆದ್ರೆ ಇತಿಹಾಸದ ಹುಚ್ಚಿರೋರು ಯಾಕೋ ಇದನ್ನ ಮುಟ್ಟೋದೇ ಇಲ್ಲ, ಕಂದಾಯ ದಾಖಲೆ ಅಂದ್ರೆ ಜಮೀನು ವ್ಯಾಜ್ಯದೋರ ಕೆಲಸ ಅಂದ್ಕೊಂಡಿರ್ತಾರೆ.

ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ. ಗುಡ್ಡದ ಬುಡದಲ್ಲಿ ನಿಂತ್ರೆ ನೀವು ಯಾವ ಗ್ರಾಮ, ಯಾವ ಸರ್ವೆ ನಂಬರಿನಲ್ಲಿ ಇದೀರಿ ಅಂತ ತೋರಿಸತ್ತೆ, ಮನೇಲಿ ಕೂತು ಮ್ಯಾಪ್ ಮೇಲೆ ಒತ್ತಿದ್ರೂ ಆಗತ್ತೆ. ಆ ಗ್ರಾಮದ ನಕಾಶೆಯನ್ನ ಭೂದಾಖಲೆ ವೆಬ್‌ಸೈಟಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಇಳಿಸ್ಕೊಳ್ಳಿ. ಸಾಮಾನ್ಯವಾಗಿ ಗುಡ್ಡ ಒಂದೇ ಗ್ರಾಮಕ್ಕೆ ಸೇರಿರಲ್ಲ, ಎರಡು ಮೂರು ಗ್ರಾಮದ ಗಡಿ ಗುಡ್ಡದ ನೆತ್ತಿ ಮೇಲೇ ಸೇರತ್ತೆ, ಹಾಗಾಗಿ ಸುತ್ತ ಇರೋ ಎಲ್ಲ ಗ್ರಾಮದ್ದೂ ತೆಗೀಬೇಕು. ಇದರಲ್ಲಿ ಬೇಚಿರಾಕ್ ಗ್ರಾಮನ ಮರೀಬೇಡಿ. ಜನ ಬಿಟ್ಟುಹೋಗಿ ಬರೀ ದಾಖಲೆಯಲ್ಲಿ ಉಳಿದಿರೋ ಊರು ಅವು, ಎಷ್ಟೋ ಸಲ ಗುಡ್ಡದ ಹೆಸರು ಆ ಸತ್ತ ಊರಿನ ಹೆಸರೇ ಆಗಿರತ್ತೆ.

ಪಹಣಿಲಿ ಗುಡ್ಡದ ಸರ್ವೆ ನಂಬರ್ ತೆಗೆದ್ರೆ ಮಾಲೀಕರ ಕಾಲಂನಲ್ಲಿ ಸರ್ಕಾರಿ ಗೋಮಾಳ, ಗುಡ್ಡ, ಅರಣ್ಯ ಇಲಾಖೆ, ಕಾವಲು ಹೀಗೆ ಏನೋ ಇರತ್ತೆ, ಹೆಸರು ಅಲ್ಲಿ ಸಿಗೋದು ಕಮ್ಮಿ. ಹೆಸರು ಸಿಗೋದು ಗುಡ್ಡದ ಪಕ್ಕದ ಹೊಲದವರ ಹಳೇ ಪತ್ರದಲ್ಲಿ. ಹಳೇ ಕ್ರಯಪತ್ರ, ವಿಭಾಗಪತ್ರ ಬಿಚ್ಚಿ ಚಕ್ಕುಬಂದಿ ಇರೋ ಪ್ಯಾರಾಗೆ ಹೋಗಿ. 'ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥ ಗುಡ್ಡ' ಅಂತ ಬರೆದಿರ್ತಾರೆ ನೋಡಿ, ಆ ನಾಲ್ಕನೇ ಸಾಲೇ ನಿಮಗೆ ಬೇಕಾದ್ದು. ಪತ್ರ ಬರಹಗಾರ ಊರಲ್ಲಿ ಏನು ಕರೀತಿದ್ರೋ ಅದನ್ನೇ ಹಾಕಿರ್ತಾನೆ, ಅವನಿಗೆ ಗಿರಿ ಅಂತ ಸಂಸ್ಕೃತ ಮಾಡೋ ಹಂಗೇನೂ ಇರಲ್ಲ. ಮತ್ತೆ ಪತ್ರಕ್ಕೆ ತಾರೀಖು ಇರತ್ತೆ, ಅಂದ್ರೆ ಆ ವರ್ಷ ಆ ಹೆಸರು ಚಾಲ್ತಿಯಲ್ಲಿ ಇತ್ತು ಅಂತ ಪುರಾವೆ. ಒಂದೇ ವಿಷಯ, ಯಾರ ಪತ್ರನಾದ್ರೂ ನೋಡ್ಬೇಕಾದ್ರೆ ಮನೆಯವರಿಗೆ ವಿಷಯ ಬಿಡಿಸಿ ಹೇಳಿ, ಆ ಒಂದು ಸಾಲು ಮಾತ್ರ ಬರ್ಕೊಳ್ಳಿ. ಫೋಟೋ ಹೊಡ್ಯೋಕೆ ಹೋದ್ರೆ ಜಮೀನಿಗೆ ಕಣ್ಣು ಹಾಕಿದಾನೆ ಅಂತ ಊರೆಲ್ಲ ಸುದ್ದಿ ಆಗತ್ತೆ, ಅವರ ಅನುಮಾನ ತಪ್ಪೂ ಅಲ್ಲ.

ಶಾನುಭೋಗರ ಮನೆತನ ಊರಲ್ಲಿ ಇನ್ನೂ ಇದ್ರೆ ಅವರನ್ನೂ ಒಂದ್ಸಲ ಕೇಳಿ. 1961ರ ಕಾಯ್ದೆಯಿಂದ ವಂಶಪಾರಂಪರ್ಯ ಶಾನುಭೋಗಿಕೆ ಹೋಯ್ತು, ಆದ್ರೆ ಕೆಲವು ಮನೆ ಅಟ್ಟದ ಮೇಲೆ ಹಳೇ ಲೆಕ್ಕದ ಕಡತ ಉಳ್ಕೊಂಡಿರತ್ತೆ.

4. ಊರಲ್ಲಿ ಕೇಳೋ ರೀತಿ

'ಈ ಬೆಟ್ಟದ ಹೆಸರೇನು' ಅಂತ ನೇರ ಕೇಳಿದ್ರೆ ಬರೋ ಉತ್ತರ ಮೇಲೇ ಹೇಳಿದೀನಿ. 'ಇದಕ್ಕೆ ಇಂಥ ಗುಡ್ಡ ಅಂತಾರಂತಲ್ಲ ಹೌದಾ' ಅಂತ ಕೇಳೋದು ಇನ್ನೂ ಕೆಟ್ಟದು, ಬಂದೋರ ಮಾತು ಯಾಕೆ ತೆಗೆದುಹಾಕೋದು ಅಂತ 'ಹೂಂ, ಇರ್ಬೋದು' ಅಂದ್ಬಿಡ್ತಾರೆ, ನೀವು ಪುರಾವೆ ಸಿಕ್ತು ಅಂದ್ಕೊಂಡು ಬರ್ತೀರಿ.

ಕೆಲಸದ ಮೂಲಕ ಕೇಳಿ. ತಾತ, ನೀವು ಹುಡುಗ್ರಾಗಿದ್ದಾಗ ದನ ಎತ್ಲಾಗೆ ಹೊಡ್ಕೊಂಡ್ ಹೋಗ್ತಿದ್ರಿ ಅಂತ ಕೇಳಿದ್ರೆ 'ಬ್ಯಾಸ್ಗೇಲಿ ಕೆರೆ ಕಡೀಕೆ, ಮಳೆ ಬಂದು ಹುಲ್ಲಾದ್ರೆ ದೊಣೆಗುಡ್ಡದ್ ಮ್ಯಾಕೆ ಕಣಪ್ಪ' ಅಂತ ಇಂಥದ್ದೇನಾದ್ರೂ ಬರತ್ತೆ, ಹೆಸರು ತಾನಾಗೇ ಬಿದ್ದುಬಿಡ್ತು ನೋಡಿ. ಅಲ್ಲಿಂದ ಮುಂದೆ ದೊಣೆ (ಬಂಡೆ ಮೇಲಿನ ನೀರಿನ ಗುಂಡಿ) ಎಲ್ಲಿದೆ, ಗವಿ ಇದ್ಯಾ, ಆ ಚಪ್ಪಟೆ ಬಂಡೆಗೆ ಏನಂತೀರಿ, ಹಳ್ಳ ಎಲ್ಲಿ ಹುಟ್ಟತ್ತೆ ಅಂತ ಕೇಳ್ತಾ ಹೋಗಿ. ಇಡೀ ಗುಡ್ಡಕ್ಕಿಂತ ಅದರ ಒಂದೊಂದು ಕಲ್ಲಿಗೆ, ಮೂಲೆಗೆ ಹೆಸರು ಗಟ್ಟಿಯಾಗಿ ಉಳಿದಿರತ್ತೆ.

ಗುಡ್ಡದ ಎಲ್ಲ ಕಡೆ ಊರಲ್ಲೂ ಕೇಳ್ಲೇಬೇಕು, ಇದು ತಪ್ಪಿಸೋ ಹಾಗಿಲ್ಲ. ಈ ಕಡೆ ಊರವರು ತಮ್ಮ ಬಂಡೆ ನೋಡಿ ಒಂದು ಹೆಸರು ಇಟ್ಟಿರ್ತಾರೆ, ಆ ಕಡೆಯವರಿಗೆ ಆ ಬಂಡೆ ಕಾಣೋದೇ ಇಲ್ಲ, ಅವರ ದೇವರ ಹೆಸರು ಇಟ್ಟಿರ್ತಾರೆ, ಎಷ್ಟೋ ಸಲ ಸುಮ್ಮನೆ ಆಚೆ ಊರಿನ ಹೆಸರು ಸೇರಿಸಿ ಇಂಥೂರು ಬೆಟ್ಟ ಅಂದ್ಬಿಡ್ತಾರೆ. ಎರಡೂ ಹೆಸರು ಗೊತ್ತಿರೋರು ಬೇಕಂದ್ರೆ ಆ ಕಡೆ ಊರಿಂದ ಈ ಕಡೆಗೆ ಮದುವೆಯಾಗಿ ಬಂದಿರೋ ಅಜ್ಜಿಯರನ್ನ ಹುಡುಕಿ. ತವರಲ್ಲಿ ಒಂದು ಹೆಸರು, ಗಂಡನ ಮನೇಲಿ ಇನ್ನೊಂದು ಹೆಸರು ಕೇಳಿರ್ತಾರೆ, ಸೌದೆಗೆ, ಸೀತಾಫಲಕ್ಕೆ ಅಂತ ಗುಡ್ಡನೂ ಹತ್ತಿರ್ತಾರೆ. ಯಾಕೋ ಎಲ್ರೂ ಅರಳಿಕಟ್ಟೆ ಮೇಲೆ ಕೂತಿರೋ ಗಂಡಸರನ್ನೇ ಕೇಳಿ ವಾಪಸ್ ಬರ್ತಾರೆ.

ಹೆಸರಿನ ಕೊನೇ ಭಾಗ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗತ್ತೆ. ಉತ್ತರ ಕರ್ನಾಟಕದಲ್ಲಿ ಎಷ್ಟು ದೊಡ್ಡದಿದ್ರೂ ಗುಡ್ಡ, ಚಿಕ್ಕದು ಮರಡಿ, ಮೈಸೂರು ಮಂಡ್ಯ ಕಡೆ ಬೋರೆ, ತಿಟ್ಟು, ಕೋಲಾರದ ಕಡೆ ತೆಲುಗು ಬೆರೆತು ಗುಟ್ಟ, ಕೊಂಡ, ದಕ್ಷಿಣ ಕನ್ನಡದಲ್ಲಿ ಮೇಲೆ ಚಪ್ಪಟೆ ಇದ್ರೆ ಪದವು. ಗಡಿ ತಾಲ್ಲೂಕಲ್ಲಿ ಒಂದೇ ಗುಡ್ಡಕ್ಕೆ ಕನ್ನಡದಲ್ಲಿ ಒಂದು, ತೆಲುಗಲ್ಲಿ ಒಂದು ಇರೋದು ಮಾಮೂಲಿ, ಎರಡನ್ನೂ ಬರ್ಕೊಳ್ಳಿ. ಇನ್ನೊಂದು ಸಣ್ಣ ಸುಳಿವು, ಊರಿನ ಹಿರಿಯರ ಹೆಸರು ಗಮನಿಸಿ. ಒಂದೇ ದೇವರ ಹೆಸರಿನವರು ಮನೆಗೊಬ್ರು ಇದ್ರೆ ಆ ದೇವರು ಗುಡ್ಡದ ಮೇಲಿರೋ ಸಾಧ್ಯತೆ ಇದೆ, ಪರಿಷೆ ಯಾವತ್ತು ನಡೀತಿತ್ತು ಅಂತ ಕೇಳಿದ್ರೆ ದಾರಿ ಬಿಚ್ಕೊಳತ್ತೆ.

5. ಗೆಜೆಟಿಯರ್, ಶಾಸನ

ಗೆಜೆಟಿಯರ್ ಅಂದ್ರೆ ಸರ್ಕಾರ ಮಾಡಿಸಿದ ಜಿಲ್ಲೆಗಳ ವಿವರ ಪುಸ್ತಕ. ಹಳೇ ಮೈಸೂರು ಆದ್ರೆ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್, 1897ರ ಪರಿಷ್ಕೃತ ಆವೃತ್ತಿ, ಎರಡನೇ ಸಂಪುಟ ಜಿಲ್ಲಾವಾರು ಇದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಕ್ಕೆ 1880ರ ದಶಕದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್, ಬಳ್ಳಾರಿ ಮತ್ತು ದಕ್ಷಿಣ ಕನ್ನಡಕ್ಕೆ ಮದ್ರಾಸ್ ಕಡೆಯ ಜಿಲ್ಲಾ ಪುಸ್ತಕಗಳು. ಎಲ್ಲ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದ್ರೆ ಸಿಗತ್ತೆ. ಇವುಗಳಲ್ಲಿ ದೊಡ್ಡ ಬೆಟ್ಟಗಳು ಮಾತ್ರ ಇರೋದು, ನಿಮ್ಮೂರ ಗುಡ್ಡ ಇಲ್ಲ ಅಂತ ಬೇಜಾರಾಗ್ಬೇಡಿ.

ಎಪಿಗ್ರಾಫಿಯಾ ಕರ್ನಾಟಿಕ (ಶಾಸನಗಳ ಸಂಗ್ರಹ) ಹಾಗಲ್ಲ, ಅದು ಊರೂರಿಗೂ ಹೋಗಿ ಮಾಡಿದ ಕೆಲಸ. ತಾಲ್ಲೂಕು ತಾಲ್ಲೂಕಾಗಿ ಶಾಸನಕ್ಕೆ ನಂಬರ್ ಕೊಟ್ಟಿದಾರೆ, 9ನೇ ಸಂಪುಟ ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳು 1972ರಿಂದ ಬಂದಿವೆ, ನಂಬರ್ ಎರಡರಲ್ಲೂ ಒಂದೇ ಇರಲ್ಲ, ನೋಡ್ಕೊಂಡು ಬರ್ಕೊಳ್ಳಿ. ನಿಮ್ಮ ಗುಡ್ಡದ ಸುತ್ತಲಿನ ಊರುಗಳ ದಾನಶಾಸನ ತೆಗೆದು, ರಾಜನ ಬಿರುದುಗಳ ಭಾಗ ದಾಟಿ, ಸೀಮೆ ವಿವರಕ್ಕೆ ನೇರ ಹೋಗಿ. ಮೂಡಲು ಇಂಥ ಕೆರೆ, ತೆಂಕಲು ಇಂಥ ಮರಡಿ, ಪಡುವಲು ನಟ್ಟ ಕಲ್ಲು ಅಂತ ಸಾಗತ್ತೆ. ಚಕ್ಕುಬಂದಿ ಓದಿ ಅಭ್ಯಾಸ ಆಗಿದ್ರೆ ಇದೂ ಅದೇ ಅಂತ ಅನ್ನಿಸತ್ತೆ. ಹಾಗಂತ ಬಿರುದು ಪೂರ್ತಿ ಬಿಡಬೇಡಿ, ಗಂಗರ 'ನಂದಗಿರಿನಾಥ' ಅನ್ನೋ ಬಿರುದಲ್ಲೇ ನಂದಿ ಬೆಟ್ಟ ಇರೋದು.

ಶಾಸನದ ಹೆಸರು, ಈಗಿನ ಬೆಟ್ಟ ಎರಡನ್ನೂ ಜೋಡಿಸೋವಾಗ ಮಾತ್ರ ಕೈ ಬಿಗಿ ಇರ್ಲಿ. ಶ್ರವಣಬೆಳಗೊಳದ ಚಿಕ್ಕಬೆಟ್ಟವೇ ಕಟವಪ್ರ, ಕಳ್ವಪ್ಪು ಅಂತ ಧೈರ್ಯವಾಗಿ ಹೇಳ್ಬೋದು, ಯಾಕಂದ್ರೆ ಆ ಹೆಸರಿರೋ ಶಾಸನ ಆ ಬಂಡೆ ಮೇಲೇ ಕೂತಿದೆ. ಅದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಿ, ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಇಸಿಲ ಅಲ್ಲೇ ಬ್ರಹ್ಮಗಿರಿ ಹತ್ರ ಅಂತ ಒಪ್ಕೊಂಡ್ರು, ಸುವರ್ಣಗಿರಿ ಮಾತ್ರ ಮಸ್ಕಿ ಅಂತ ಒಬ್ರು, ಕನಕಗಿರಿ ಅಂತ ಒಬ್ರು, ಆಂಧ್ರದ ಜೊನ್ನಗಿರಿ ಅಂತ ಇನ್ನೊಬ್ರು. ಕನಕ ಅಂದ್ರೂ ಚಿನ್ನ ತಾನೇ ಅಂತ ಅರ್ಥ ಹೊಂದಿದ ಮಾತ್ರಕ್ಕೆ ಕೇಸು ಮುಗಿಯಲ್ಲ. ದಿಕ್ಕು, ದೂರ, ಪಕ್ಕದ ಊರು, ಕೆರೆ ಇವು ಕೂಡಿ ಬರ್ಬೇಕು.

6. ಗುಡ್ಡನೇ ಕಾಣ್ತಿಲ್ಲ ಅಂದ್ರೆ

ಕ್ವಾರಿಯವರು ಅರ್ಧ ಅಲ್ಲ, ಪೂರ್ತಿ ತಿಂದುಹಾಕಿರೋ ಗುಡ್ಡಗಳಿವೆ. ಹಳೇ ಟೋಪೋಶೀಟಲ್ಲಿ ಉಂಗುರ ಇದ್ದು ಈಗ ಅಲ್ಲಿ ನೀರು ತುಂಬಿದ ಹೊಂಡ ಇದ್ರೆ ಅರ್ಥ ಆಯ್ತಲ್ಲ. ಗೂಗಲ್ ಅರ್ಥ್‌ನಲ್ಲಿ ಗಡಿಯಾರದ ಗುರುತು ಒತ್ತಿ ವರ್ಷ ವರ್ಷ ಹಿಂದೆ ಹೋಗಿ, ಅದಕ್ಕೂ ಹಿಂದಿನದು ಬೇಕಂದ್ರೆ 1960-72ರ ಅಮೆರಿಕದ ಕೊರೋನಾ ಗೂಢಚಾರ ಉಪಗ್ರಹದ ಫೋಟೋಗಳನ್ನ ಈಗ ಬಹಿರಂಗ ಮಾಡಿದಾರೆ, ಅಲ್ಲಿನ ಭೂವಿಜ್ಞಾನ ಸಮೀಕ್ಷೆ ಇಲಾಖೆ ಯುಎಸ್‌ಜಿಎಸ್ ವೆಬ್‌ಸೈಟಲ್ಲಿ ನೋಡ್ಬೋದು.

7. ಹತ್ತೋದು, ಬರೆದಿಡೋದು

ಮೀಸಲು ಅರಣ್ಯ ಆಗಿದ್ರೆ ಅರಣ್ಯ ಇಲಾಖೆ ಅನುಮತಿ ಇಲ್ದೆ ಹತ್ಬೇಡಿ. ತುಮಕೂರು, ರಾಮನಗರ ಕಡೆ ಬಂಡೆ ಗುಡ್ಡಗಳಲ್ಲಿ ಕರಡಿ, ಚಿರತೆ ಇದಾವೆ, ಹೊತ್ತು ಮುಳುಗೋ ಮುಂಚೆ ಕೆಳಗಿರಿ, ಜೊತೆಗೆ ಊರವರೊಬ್ಬರು ಇರ್ಲಿ. ಮೇಲೆ ಕಲ್ಲಿನಲ್ಲಿ ಕೊರೆದ ವೃತ್ತ, ಮಧ್ಯೆ ಚುಕ್ಕೆ ಕಂಡ್ರೆ ಅದು ಸರ್ವೆ ಗುರುತಿರಬಹುದು, ಟೋಪೋಶೀಟಿನ ತ್ರಿಕೋನದ ಜೊತೆ ತಾಳೆ ನೋಡಿ.

ಬರೆಯೋವಾಗ ಒಂದು ಹೆಸರು ಗೆಲ್ಲಿಸೋಕೆ ಹೋಗ್ಬೇಡಿ. ಅಕ್ಷಾಂಶ ರೇಖಾಂಶ, ಗ್ರಾಮ, ಸರ್ವೆ ನಂಬರ್, ಆಮೇಲೆ ಪ್ರತಿ ಹೆಸರಿನ ಮುಂದೆ ಅದು ಯಾವ ಊರಲ್ಲಿ ಕೇಳಿದ್ದು, ಯಾವ ವರ್ಷದ ಪತ್ರದ್ದು, ಯಾವ ಶೀಟಿನದು ಅಂತ ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈಗಿನ ಹೆಸರು, ಬೇರೆ ಹೆಸರು, ಹಳೇ ಹೆಸರು ಅಂತ ಬೇರೆ ಬೇರೆ ಜಾಗನೇ ಇದೆ, ಕನ್ನಡದಲ್ಲೇ ತುಂಬಬಹುದು. ಹೇಳಿದವರ ಹೆಸರು, ಫೋನ್ ನಂಬರ್ ಮಾತ್ರ ಬೇಡ, 'ಕುರಿ ಮೇಯಿಸ್ತಿದ್ದ ಹಿರಿಯರು, ಇಂಥ ಊರು' ಅಂದ್ರೆ ಸಾಕು.

ಗುಡ್ಡದ ಮೇಲೆ ಯಾರೂ ಗಮನಿಸದ ಶಾಸನನೋ, ವೀರಗಲ್ಲೋ, ಗವಿಯೊಳಗಿನ ಚಿತ್ರನೋ ಸಿಕ್ಕಿದ್ರೆ ಅದರ ನಿಖರ ಪಿನ್ ಎಲ್ಲೂ ಹಾಕ್ಬೇಡಿ. ನಿಧಿ ಆಸೆಗೆ ರಾತ್ರೋರಾತ್ರಿ ಬಂದು ಅಗೆಯೋರು ನಮ್ಮ ಪೋಸ್ಟನ್ನ ನಮಗಿಂತ ಶ್ರದ್ಧೆಯಿಂದ ಓದ್ತಾರೆ, ನಂದಿ ವಿಗ್ರಹಗಳನ್ನ ಸೀಳಿ ಹಾಕಿರೋದು ನೀವೂ ಕಂಡಿರ್ತೀರಿ. ಗುಡ್ಡದ ಹೆಸರು ಸಾರ್ವಜನಿಕವಾಗಿ ಹಾಕಿ, ಕಲ್ಲಿನ ವಿವರನ ಫೋಟೋ ಸಮೇತ ಮೈಸೂರಿನಲ್ಲಿರೋ ಪುರಾತತ್ವ ಇಲಾಖೆಗೆ ಬರೆದು ಕಳಿಸಿ, ಒಂದು ಪ್ರತಿ ಗ್ರಾಮ ಪಂಚಾಯ್ತಿಗೂ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.